ಮನೆಯಲ್ಲೇ ಹೆರಿಗೆ: ನೆದರ್‌ಲ್ಯಾಂಡ್ಸ್‌ನಲ್ಲಿರುವ ಕನ್ನಡದ ಬಸುರಿಯರಿಗೆ

ಈ ದೇಶದಲ್ಲಿ ಬಸುರಿ ಎಂದು ಗೊತ್ತಾದ ಕೂಡಲೇ ನಮ್ಮವರು ಗೈನಕಾಲಜಿಸ್ಟ್‌ರನ್ನು ಹುಡುಕಲು ಶುರು ಮಾಡುತ್ತಾರೆ. ಫೋನ್ ಮಾಡಿದರೆ "ಮಿಡ್‌ವೈಫ್ ಹತ್ತಿರ ಹೋಗಿ" ಎಂಬ ಉತ್ತರ ಬರುತ್ತದೆ. ಮಿಡ್‌ವೈಫ್ ಹತ್ತಿರ ಹೋದರೆ ಕೆಲವು ಭೇಟಿಗಳಾದ ಮೇಲೆ ಅವರು ಸಹಜವಾಗಿ ಕೇಳುತ್ತಾರೆ, "ಹೆರಿಗೆ ಮನೆಯಲ್ಲಿ ಮಾಡಿಕೊಳ್ಳುತ್ತೀರಾ, ಆಸ್ಪತ್ರೆಯಲ್ಲಾ?" ಆ ಪ್ರಶ್ನೆ ಕೇಳಿ ಎಷ್ಟೋ ಜನ ಬೆಚ್ಚಿಬಿದ್ದು ನನಗೆ ಫೋನ್ ಮಾಡಿದ್ದಾರೆ. "ಅಕ್ಕಾ, ಇವರು ನಮ್ಮನ್ನು ಆಸ್ಪತ್ರೆಗೆ ಸೇರಿಸಿಕೊಳ್ಳುವುದಿಲ್ಲವಾ?" ಎಂದು ಕೇಳುತ್ತಾರೆ.

ಸೇರಿಸಿಕೊಳ್ಳುತ್ತಾರೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮನೆ ಬೇಡ ಎಂದರೆ ಯಾರೂ ಬಲವಂತ ಮಾಡುವುದಿಲ್ಲ. ಇವತ್ತು ಈ ದೇಶದಲ್ಲಿ ಸುಮಾರು ಏಳು ಹೆರಿಗೆಗಳಲ್ಲಿ ಒಂದು ಮಾತ್ರ ಮನೆಯಲ್ಲಿ ಆಗುತ್ತದೆ. 1960ರ ದಶಕದ ಮಧ್ಯದಲ್ಲಿ ಮೂರರಲ್ಲಿ ಎರಡು ಮನೆಯಲ್ಲೇ ಆಗುತ್ತಿದ್ದವು. ಅಂದರೆ ಇಲ್ಲಿಯೂ ಜನ ಆಸ್ಪತ್ರೆಯ ಕಡೆ ಸರಿದಿದ್ದಾರೆ. ಆದರೂ ಮನೆಯ ದಾರಿಯನ್ನು ಮುಚ್ಚಿಲ್ಲ. ಆ ದಾರಿ ಹೇಗಿದೆ, ಅದರಲ್ಲಿ ಯಾರು ಹೋಗಬಹುದು, ಯಾರು ಹೋಗಬಾರದು, ಇವತ್ತು ಅಷ್ಟನ್ನೇ ಮಾತಾಡೋಣ. ನಾನು ಡಾಕ್ಟರೂ ಅಲ್ಲ, ಮಿಡ್‌ವೈಫೂ ಅಲ್ಲ. ಇಲ್ಲೇ ಇಬ್ಬರು ಮಕ್ಕಳನ್ನು ಹೆತ್ತವಳು. ಭಾಷೆ ಬರದ ನಮ್ಮ ಹುಡುಗಿಯರ ಜೊತೆ ಮಿಡ್‌ವೈಫ್ ಭೇಟಿಗೆ ಹೋಗಿ ಕೂತು ಮಾತು ದಾಟಿಸುವವಳು. ನಿಮ್ಮ ದೇಹಕ್ಕೆ ಏನು ಸರಿ ಎಂಬುದನ್ನು ನಿಮ್ಮ ಮಿಡ್‌ವೈಫ್ ಜೊತೆ ಕೂತೇ ತೀರ್ಮಾನಿಸಿ.

ಮಿಡ್‌ವೈಫ್ ಅಂದರೆ ನಮ್ಮ ಮನಸ್ಸಿಗೆ ಬರುವುದು ಸೂಲಗಿತ್ತಿ. ಅದರಲ್ಲಿ ತಪ್ಪಿಲ್ಲ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ನಿಮಗೆಲ್ಲ ಗೊತ್ತಲ್ವಾ? 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು, ದುಡ್ಡು ಮುಟ್ಟದವರು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಅವರ ಹೆಸರು ಹೇಳುವಾಗ ನನಗೆ ಕೈ ಮುಗಿಯಬೇಕು ಅನಿಸುತ್ತದೆ. ಮಗು ಹೇಗೆ ಮಲಗಿದೆ ಎಂದು ಹೊಟ್ಟೆ ಮುಟ್ಟಿ ಹೇಳುವ ಅಂಥ ಕೈಗಳು ನಮ್ಮ ಪ್ರತಿ ಸೀಮೆಯಲ್ಲೂ ಇದ್ದವು. ಆದರೆ ರಕ್ತ ನಿಲ್ಲದೆ ಹೋದಾಗ ಆ ಹೆಂಗಸರ ಬೆನ್ನಿಗೆ ಯಾರಿದ್ದರು? ಆಂಬುಲೆನ್ಸ್ ಇರಲಿಲ್ಲ, ರಕ್ತ ಇರಲಿಲ್ಲ, ಇಂಜೆಕ್ಷನ್ ಇರಲಿಲ್ಲ. ಕೈಯಲ್ಲಿ ವಿದ್ಯೆ ಇದ್ದರೂ ಅವರು ಒಂಟಿಯಾಗಿದ್ದರು.

ಇಲ್ಲಿನ ಮಿಡ್‌ವೈಫ್ ಒಂಟಿಯಲ್ಲ. ದೊಡ್ಡ ವ್ಯತ್ಯಾಸ ಅದೇ. ನಾಲ್ಕು ವರ್ಷ ಓದಿ ಪದವಿ ಪಡೆದಿರುತ್ತಾರೆ. 1865ರ ಕಾನೂನಿನಿಂದಲೇ ಸಹಜ ಹೆರಿಗೆ ಇಲ್ಲಿ ಅವರ ಕೆಲಸ. ಡಾಕ್ಟರ ಕೈಕೆಳಗಿನ ಸಹಾಯಕಿ ಎಂದು ತಿಳಿಯಬೇಡಿ. ಅವರ ಚೀಲದಲ್ಲಿ ಮಗುವಿನ ಎದೆಬಡಿತ ಕೇಳುವ ಡಾಪ್ಲರ್ ಇರುತ್ತದೆ, ಗರ್ಭಕೋಶ ಬಿಗಿಯಾಗಲು ಕೊಡುವ ಆಕ್ಸಿಟೋಸಿನ್ ಇರುತ್ತದೆ, ಆಮ್ಲಜನಕ ಇರುತ್ತದೆ, ಮಗು ಉಸಿರು ತೆಗೆಯದಿದ್ದರೆ ಬೇಕಾಗುವ ಮಾಸ್ಕ್ ಇರುತ್ತದೆ, ಹೊಲಿಗೆ ಹಾಕುವ ಸಾಮಾನು ಇರುತ್ತದೆ. ಹತ್ತಿರದ ಆಸ್ಪತ್ರೆಯ ಜೊತೆ ಅವರಿಗೆ ಒಪ್ಪಂದ ಇರುತ್ತದೆ. ಫೋನ್ ಎತ್ತಿದರೆ ಆ ಕಡೆ ಯಾರು ಮಾತಾಡುತ್ತಾರೆ ಎಂಬುದೂ ಗೊತ್ತಿರುತ್ತದೆ.

ಹಾಗಾದರೆ ಯಾರಿಗೆ ಮನೆ ಸರಿ? ಇದಕ್ಕೆ ಇಡೀ ದೇಶಕ್ಕೆ ಒಪ್ಪಿತವಾದ ಒಂದು ಪಟ್ಟಿ ಇದೆ. ಮಿಡ್‌ವೈಫ್‌ಗಳು, ಗೈನಕಾಲಜಿಸ್ಟ್‌ಗಳು ಸೇರಿ ಮಾಡಿದ್ದು. ಅವಳಿ ಮಕ್ಕಳಿದ್ದರೆ, ಮಗು ತಲೆ ಮೇಲಾಗಿ ಕೂತಿದ್ದರೆ, ಹಿಂದಿನದು ಸಿಸೇರಿಯನ್ ಆಗಿದ್ದರೆ, ಬಿಪಿ ಏರಿದ್ದರೆ, ಇನ್ಸುಲಿನ್ ಬೇಕಾಗುವ ಸಕ್ಕರೆ ಕಾಯಿಲೆ ಇದ್ದರೆ ಆಸ್ಪತ್ರೆಯೇ ಸರಿ. 37 ವಾರಕ್ಕೆ ಮೊದಲು ನೋವು ಬಂದರೂ, 42 ವಾರ ದಾಟಿದರೂ ಆಸ್ಪತ್ರೆ. ಹಿಂದಿನ ಹೆರಿಗೆಯಲ್ಲಿ ತುಂಬಾ ರಕ್ತ ಹೋಗಿದ್ದರೂ ಅಷ್ಟೇ. ಇದರಲ್ಲಿ ಚೌಕಾಸಿ ಮಾಡಬೇಡಿ. ನನಗೆ ಒಮ್ಮೊಮ್ಮೆ ಇದರ ಉಲ್ಟಾ ಫೋನೂ ಬರುತ್ತದೆ. "ಬಿಪಿ ಸ್ವಲ್ಪ ಜಾಸ್ತಿ ಇದೆ, ಆದರೂ ಮನೆಯಲ್ಲೇ ಆಗಬೇಕು, ಮಿಡ್‌ವೈಫ್‌ಗೆ ನೀವು ಹೇಳಿ ಅಕ್ಕಾ" ಎನ್ನುತ್ತಾರೆ. ನಾನು ಹೇಳುವುದಿಲ್ಲ.

ನಮ್ಮವರಿಗೆ ವಿಶೇಷವಾಗಿ ಒಂದು ಮಾತು. ದಕ್ಷಿಣ ಏಷ್ಯಾದ ಹೆಂಗಸರಿಗೆ ಬಸುರಿನಲ್ಲಿ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಜಾಸ್ತಿ. ಅದಕ್ಕೇ 24ರಿಂದ 28 ವಾರದ ನಡುವೆ ಗ್ಲೂಕೋಸ್ ಕುಡಿಸಿ ರಕ್ತ ಪರೀಕ್ಷೆ ಮಾಡುತ್ತಾರೆ. ಆ ಸಿಹಿ ನೀರು ಕುಡಿಯಲು ಆಗುವುದಿಲ್ಲ, ವಾಕರಿಕೆ ಬರುತ್ತದೆ ಎಂದು ಕೆಲವರು ತಪ್ಪಿಸಿಕೊಳ್ಳಲು ನೋಡುತ್ತಾರೆ. ತಪ್ಪಿಸಿಕೊಳ್ಳಬೇಡಿ. ಹಾಗೆಯೇ ಹಿಮೋಗ್ಲೋಬಿನ್. ನಮ್ಮಲ್ಲಿ ತುಂಬಾ ಜನಕ್ಕೆ ಅದು ಮೊದಲೇ ಕಡಿಮೆ. ಕಡಿಮೆ ರಕ್ತ ಇಟ್ಟುಕೊಂಡು ಹೆರಿಗೆಗೆ ಹೋದರೆ, ಬೇರೆಯವರು ತಡೆದುಕೊಳ್ಳುವಷ್ಟು ರಕ್ತ ಹೋದರೂ ನೀವು ತಡೆದುಕೊಳ್ಳುವುದಿಲ್ಲ. ಕಬ್ಬಿಣದ ಮಾತ್ರೆ ಕೊಟ್ಟರೆ ನುಂಗಿ. ಮಲಬದ್ಧತೆ ಆಗುತ್ತದೆ ಎಂದು ಬಿಟ್ಟುಬಿಡುವ ಬದಲು ಮಿಡ್‌ವೈಫ್‌ಗೆ ಹೇಳಿ, ಬೇರೆ ಮಾತ್ರೆ ಬರೆಸಿಕೊಳ್ಳಿ.

ಈಗ ಎಲ್ಲರ ಮನಸ್ಸಿನಲ್ಲಿರುವ ಪ್ರಶ್ನೆಗೆ ಬರೋಣ. ಮನೆ ಸುರಕ್ಷಿತವಾ? ಇಲ್ಲಿ ಅಂಕಿಅಂಶಗಳನ್ನು ಸ್ವಲ್ಪ ತಾಳ್ಮೆಯಿಂದ ಕೇಳಿ. 2009ರಲ್ಲಿ ಈ ದೇಶದ ಸುಮಾರು 5,30,000 ಕಡಿಮೆ ಅಪಾಯದ ಹೆರಿಗೆಗಳನ್ನು ನೋಡಿದ ಅಧ್ಯಯನ ಬಂತು. ಮನೆಯಲ್ಲಿ ಹೆರುತ್ತೇನೆ ಎಂದು ಹೊರಟವರ ಮತ್ತು ಮಿಡ್‌ವೈಫ್ ಜೊತೆ ಆಸ್ಪತ್ರೆಯಲ್ಲಿ ಹೆರುತ್ತೇನೆ ಎಂದು ಹೊರಟವರ ಮಕ್ಕಳ ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. 2013ರ ಇನ್ನೊಂದು ಅಧ್ಯಯನ ತಾಯಂದಿರನ್ನು ನೋಡಿತು. ಎರಡನೆಯ, ಮೂರನೆಯ ಹೆರಿಗೆಯವರಲ್ಲಿ ವಿಪರೀತ ರಕ್ತ ಹೋಗುವುದು ಮನೆಯ ಗುಂಪಿನಲ್ಲಿ 1,000ಕ್ಕೆ ಸುಮಾರು 20, ಆಸ್ಪತ್ರೆಯ ಗುಂಪಿನಲ್ಲಿ ಸುಮಾರು 38.

ಇಷ್ಟಕ್ಕೇ ನಿಲ್ಲಿಸಿದರೆ ನಾನು ನಿಮಗೆ ಅರ್ಧ ಮಾತ್ರ ಹೇಳಿದಂತೆ. 2010ರಲ್ಲಿ ಯುಟ್ರೆಕ್ಟ್ ಭಾಗದಿಂದ ಬಂದ ಅಧ್ಯಯನ ಬೇರೆಯೇ ಹೇಳಿತು. ಕಡಿಮೆ ಅಪಾಯ ಎಂದು ಮಿಡ್‌ವೈಫ್ ಕೈಯಲ್ಲಿ ನೋವು ಶುರುವಾದವರ ಮಕ್ಕಳಲ್ಲಿ, ಹೆಚ್ಚು ಅಪಾಯ ಎಂದು ಡಾಕ್ಟರ ಕೈಯಲ್ಲಿ ಶುರುವಾದವರಿಗಿಂತ ಸಾವು ಹೆಚ್ಚು ಕಂಡಿತು. ದೇಶದಲ್ಲಿ ದೊಡ್ಡ ಚರ್ಚೆಯೇ ಆಯಿತು. ಆ ಅಧ್ಯಯನದಲ್ಲಿ ನನಗೆ ಮುಖ್ಯ ಎನಿಸಿದ್ದು ಇದು: ನೋವಿನ ನಡುವೆ ಮಿಡ್‌ವೈಫ್‌ರಿಂದ ಡಾಕ್ಟರಿಗೆ ಕೈ ಬದಲಾದ ಹೆರಿಗೆಗಳಲ್ಲೇ ತೊಂದರೆ ಜಾಸ್ತಿ. ಹಾಗಾಗಿ ಕೈ ಬದಲಾಗುವ ಆ ಹೊತ್ತನ್ನೇ ನಾವು ಚೆನ್ನಾಗಿ ಯೋಜಿಸಬೇಕು.

ಇಂಗ್ಲೆಂಡಿನಲ್ಲಿ 64,000ಕ್ಕೂ ಹೆಚ್ಚು ಹೆರಿಗೆಗಳನ್ನು ಗಮನಿಸಿದ ಅಧ್ಯಯನ 2011ರಲ್ಲಿ ಬಂತು. ಎರಡನೆಯ ಮಗುವಿನ ತಾಯಂದಿರಿಗೆ ಮನೆ, ಆಸ್ಪತ್ರೆ ಎರಡೂ ಮಗುವಿಗೆ ಒಂದೇ. ಚೊಚ್ಚಲು ಹೆರಿಗೆಗೆ ಹಾಗಲ್ಲ. ಮಗುವಿಗೆ ಗಂಭೀರ ತೊಂದರೆ ಆಗುವುದು ಆಸ್ಪತ್ರೆಯಲ್ಲಿ 1,000ಕ್ಕೆ 5.3, ಮನೆಯ ಗುಂಪಿನಲ್ಲಿ 9.3. ಇನ್ನೂ ಒಂದು ಅಂಕಿ. ಮನೆಯಲ್ಲಿ ಶುರು ಮಾಡಿದ ಚೊಚ್ಚಲು ಬಸುರಿಯರಲ್ಲಿ 100ಕ್ಕೆ 45 ಜನ ನಡುವೆಯೋ ಹೆರಿಗೆ ಆದ ಕೂಡಲೋ ಆಸ್ಪತ್ರೆಗೆ ಹೋಗಬೇಕಾಯಿತು. ಎರಡನೆಯ ಮಗುವಾದರೆ 100ಕ್ಕೆ 12.

ಈ 45 ಎಂಬುದನ್ನು ದಯವಿಟ್ಟು ನೆನಪಿಡಿ. ಮೊದಲ ಮಗುವಿಗೆ ಮನೆಯ ಯೋಜನೆ ಮಾಡುತ್ತಿದ್ದೀರಿ ಎಂದರೆ, ಆಸ್ಪತ್ರೆಗೆ ಹೋಗುವ ಯೋಜನೆಯನ್ನೂ ಅಷ್ಟೇ ಗಟ್ಟಿಯಾಗಿ ಮಾಡುತ್ತಿದ್ದೀರಿ. ಹಾಗೆ ಹೋಗುವವರಲ್ಲಿ ಬಹಳ ಜನ ಸೈರನ್ ಹಾಕಿಕೊಂಡು ಹೋಗುವುದಿಲ್ಲ. ನೋವು ಮುಂದುವರಿಯುತ್ತಿಲ್ಲ, ತಾಯಿಗೆ ಸುಸ್ತಾಗಿದೆ, ಎಪಿಡ್ಯೂರಲ್ (ನೋವು ತಗ್ಗಿಸಲು ಬೆನ್ನಿಗೆ ಕೊಡುವ ಇಂಜೆಕ್ಷನ್) ಬೇಕು ಅನಿಸಿದೆ, ನೀರು ಹಸಿರಾಗಿದೆ, ಇಂಥ ಕಾರಣಕ್ಕೆ ಹೋಗುತ್ತಾರೆ. ನನ್ನದೂ ಹಾಗೇ ಆಯಿತು. ಮೊದಲನೆಯದಕ್ಕೆ ಮನೆಯಲ್ಲೇ ನೋವು ತಿಂದೆ. ಬಿಸಿನೀರಿನ ಶವರ್ ಕೆಳಗೆ ಕೂತೆ, ನಡೆದಾಡಿದೆ. ಬೆಳಗಿನ ಜಾವ ನೀರು ಒಡೆಯಿತು, ಬಣ್ಣ ಹಸಿರಿತ್ತು. ಮಗು ಒಳಗೇ ಮಲ ಮಾಡಿದೆ ಎಂದು ಅರ್ಥ. ನಮ್ಮ ಮಿಡ್‌ವೈಫ್ ಎದೆಬಡಿತ ಕೇಳಿದರು, ಚೆನ್ನಾಗಿಯೇ ಇತ್ತು. ಆದರೂ "ಈಗ ಹೊರಡೋಣ" ಎಂದರು. ದನಿಯಲ್ಲಿ ಗಾಬರಿ ಇರಲಿಲ್ಲ, ಅನುಮಾನವೂ ಇರಲಿಲ್ಲ. ನಮ್ಮ ಕಾರಿನ ಹಿಂದೆಯೇ ಅವರ ಕಾರು ಬಂತು. ಆಸ್ಪತ್ರೆಯಲ್ಲಿ ಡಾಕ್ಟರಿಗೆ ಎಲ್ಲ ಹೇಳಿ, ಮಗು ಹುಟ್ಟುವ ತನಕ ಪಕ್ಕದಲ್ಲೇ ನಿಂತರು. ನನಗೆ ಸೋತೆ ಅನಿಸಲಿಲ್ಲ. ಅದು ಅವರಿಂದಾಗಿ.

ಬೆಂಬಲ ಕೊಡುವ ಮಿಡ್‌ವೈಫ್ ಎಂದರೆ ಯಾರು ಎಂದು ಕೇಳಿದರೆ ನನ್ನ ಉತ್ತರ ಇದೇ. ನಿಮ್ಮ ಆಸೆಗೆಲ್ಲ ಹೂಂ ಎನ್ನುವವರಲ್ಲ. "ಹೊರಡೋಣ" ಎಂದಾಗ ನೀವು ಎರಡನೆಯ ಮಾತಾಡದೆ ಎದ್ದು ಹೊರಡುವಷ್ಟು ನಂಬಿಕೆಯನ್ನು ಒಂಬತ್ತು ತಿಂಗಳಲ್ಲಿ ಗಳಿಸಿಕೊಂಡವರು. ಆ ನಂಬಿಕೆ ಇಲ್ಲದಿದ್ದರೆ ಮನೆಯ ಹೆರಿಗೆ ಬೇಡ. ಅವರು ಹೊರಡೋಣ ಎನ್ನುವಾಗ ನೀವು "ಇನ್ನೊಂದು ಗಂಟೆ ನೋಡೋಣ" ಎಂದು ಎಳೆದಾಡಿದರೆ ಆ ಒಂದು ಗಂಟೆಯೇ ದುಬಾರಿ ಆಗಬಹುದು.

ಆ ನಂಬಿಕೆ ಬರಬೇಕಾದರೆ ಕೇಳಬೇಕು. ನಮ್ಮವರು ಡಾಕ್ಟರ ಮುಂದೆ ಕೂತರೆ ಪ್ರಶ್ನೆ ಕೇಳುವುದಿಲ್ಲ, ಅದು ಅಗೌರವ ಎಂದುಕೊಳ್ಳುತ್ತಾರೆ. ಇಲ್ಲಿ ನೀವು ಕೇಳದಿದ್ದರೆ ಎಲ್ಲ ಅರ್ಥವಾಗಿದೆ ಎಂದು ಅವರು ತಿಳಿಯುತ್ತಾರೆ. ನಿಮ್ಮ ತಂಡದಲ್ಲಿ ಎಷ್ಟು ಜನ, ನನಗೆ ಮುಂಚೆಯೇ ಎಲ್ಲರ ಪರಿಚಯ ಆಗುತ್ತದಾ ಎಂದು ಕೇಳಿ. ನೀವು ಬೇರೆ ಹೆರಿಗೆಯಲ್ಲಿ ಇದ್ದಾಗ ನನಗೆ ನೋವು ಬಂದರೆ ಯಾರು ಬರುತ್ತಾರೆ ಎಂದು ಕೇಳಿ. ಯಾವ ಆಸ್ಪತ್ರೆಗೆ ಹೋಗುತ್ತೇವೆ, ಅಲ್ಲಿ ಜಾಗ ಇಲ್ಲದಿದ್ದರೆ ಯಾವುದು, ಅಲ್ಲಿಗೆ ಹೋದ ಮೇಲೆ ನೀವು ನನ್ನ ಜೊತೆ ಇರುತ್ತೀರಾ ಎಂದು ಕೇಳಿ. ಮಗು ಉಸಿರಾಡದಿದ್ದರೆ ಮೊದಲ ನಿಮಿಷದಲ್ಲಿ ನೀವು ಏನು ಮಾಡುತ್ತೀರಿ ಎಂಬುದನ್ನೂ ಕೇಳಿ. ಕೇಳಲು ಕಷ್ಟವಾಗುತ್ತದೆ, ಬಾಯಿಗೆ ಬರುವುದಿಲ್ಲ. ಆದರೂ ಕೇಳಿ. ಒಳ್ಳೆಯ ಮಿಡ್‌ವೈಫ್ ಈ ಪ್ರಶ್ನೆಗೆ ಮುಖ ಸಿಂಡರಿಸುವುದಿಲ್ಲ. ಚೀಲ ತೆಗೆದು, ಮಾಸ್ಕ್ ತೋರಿಸಿ, ಹೀಗೆ ಹೀಗೆ ಎಂದು ಹೇಳುತ್ತಾರೆ.

ಧಾರವಾಡ ಕಡೆಯ ಒಂದು ಜೋಡಿಯ ಜೊತೆ ನಾನು ಹೋಗುತ್ತಿದ್ದೆ. ಎರಡನೆಯ ಮಗು, ಹುಡುಗಿಗೆ ಮನೆಯಲ್ಲೇ ಆಗಬೇಕು ಎಂಬ ಆಸೆ. ಊರಿನಲ್ಲಿ ಅತ್ತೆಯವರಿಗೆ ನಿದ್ದೆ ಇಲ್ಲ. "ನಮ್ಮ ಕಾಲದಾಗ ಮನ್ಯಾಗ ಹಡದು ಸತ್ತೋರನ್ನ ನಾ ನೋಡೇನಿ, ಅಷ್ಟು ಓದಿದವರು ಹಿಂಗ್ಯಾಕ ಮಾಡ್ತೀರಿ" ಎಂದು ಅಳುತ್ತಿದ್ದರು. ಮಗ ಎಷ್ಟು ಹೇಳಿದರೂ ಸಮಾಧಾನ ಇಲ್ಲ. ಈ ವಿಷಯ ಮಿಡ್‌ವೈಫ್‌ಗೆ ಹೇಳಿದೆವು. "ಅವರನ್ನೂ ಮಾತಿಗೆ ಕರೆಯಿರಿ" ಎಂದರು. ಮುಂದಿನ ಭೇಟಿಯಲ್ಲಿ ವೀಡಿಯೊ ಕರೆ ಮಾಡಿದೆವು. ಅತ್ತೆಯವರು ಕೇಳಿದ್ದನ್ನು ನಾನು ದಾಟಿಸಿದೆ. ರಕ್ತ ನಿಲ್ಲದಿದ್ದರೆ? ಮಾಸು ಬೀಳದಿದ್ದರೆ? ಒಂದೊಂದಕ್ಕೂ ಮಿಡ್‌ವೈಫ್ ನಿಧಾನವಾಗಿ ಉತ್ತರ ಕೊಟ್ಟರು. ಹುಟ್ಟಿದ ಕೂಡಲೇ ತೊಡೆಗೆ ಇಂಜೆಕ್ಷನ್ ಕೊಡುತ್ತೇನೆ, ಪ್ಯಾಡ್‌ಗಳನ್ನು ತೂಕ ಹಾಕಿ ರಕ್ತ ಅಳೆಯುತ್ತೇನೆ, ಒಂದು ಗಂಟೆಯೊಳಗೆ ಮಾಸು ಬೀಳದಿದ್ದರೆ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ, ರಕ್ತ ಜಾಸ್ತಿ ಹೋದರೆ ಅಷ್ಟು ಹೊತ್ತೂ ಕಾಯುವುದಿಲ್ಲ ಎಂದರು. ಅತ್ತೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ಆಕಿ ಕೈಯಾಗ ಇರ್ಲಿ" ಎಂದರು. ಆ ತಾಯಿಯ ಪ್ರಶ್ನೆಗಳು ನಾನು ಕೇಳಿದ ಪ್ರಶ್ನೆಗಳಲ್ಲೇ ಬಹಳ ಒಳ್ಳೆಯವು. ನಿಮ್ಮ ಅಮ್ಮ, ಅತ್ತೆ ಹೆದರಿದರೆ ಹಳೆಯ ಕಾಲದವರು ಎಂದು ಬದಿಗೆ ಸರಿಸಬೇಡಿ. ಅವರು ಕಂಡದ್ದಕ್ಕೆ ಹೆದರುತ್ತಾರೆ.

ಇನ್ನು ಮನೆ. ಇಲ್ಲಿನ ಮನೆಗಳ ಮೆಟ್ಟಿಲು ನಿಮಗೆ ಗೊತ್ತೇ ಇದೆ, ಕಡಿದಾಗಿ ಇರುತ್ತವೆ, ತಿರುವೂ ಇರುತ್ತದೆ. ಸ್ಟ್ರೆಚರ್ ಇಳಿಯದ ಮನೆಗಳಲ್ಲಿ ಅಗ್ನಿಶಾಮಕದವರು ಏಣಿ ತಂದು ಕಿಟಕಿಯಿಂದ ಇಳಿಸುವುದೂ ಉಂಟು. ಅದಕ್ಕೆ ಹೊತ್ತು ಬೇಕು. ಮಿಡ್‌ವೈಫ್ ಅಥವಾ ಬಾಣಂತನದ ನರ್ಸ್ ಮೊದಲೇ ಮನೆಗೆ ಬಂದು ನೋಡಿದಾಗ ಇದನ್ನು ಕೇಳಿ. ಕೆಳಗಿನ ಹಾಲ್‌ನಲ್ಲೇ ಹಾಸಿಗೆ ಹಾಕುವುದು ವಾಸಿ ಎಂದರೆ ಹಾಗೇ ಮಾಡಿ. ಅಪಾರ್ಟ್‌ಮೆಂಟಾದರೆ ಲಿಫ್ಟ್ ಎಷ್ಟು ದೊಡ್ಡದು ನೋಡಿ. ರಾತ್ರಿ ಹೊರಗಿನ ಬಾಗಿಲು ಯಾರು ತೆಗೆಯುತ್ತಾರೆ, ಮನೆ ನಂಬರ್ ಕತ್ತಲಲ್ಲಿ ಕಾಣುತ್ತದಾ, ಇಂಥ ಸಣ್ಣ ಸಂಗತಿ ನೋಡಿ. ಹಾಸಿಗೆಯನ್ನು ಸುಮಾರು 80 ಸೆಂಟಿಮೀಟರಿಗೆ ಎತ್ತರಿಸಬೇಕು, ಕಾಲುಗಳ ಕೆಳಗೆ ಇಡುವ ದಿಮ್ಮಿ ಬಾಡಿಗೆಗೆ ಸಿಗುತ್ತದೆ. ನರ್ಸ್ ಬೆನ್ನಿಗೆ ಅದು ಬೇಕೇ ಬೇಕು. ಬಹಳಷ್ಟು ಇನ್ಶೂರೆನ್ಸ್‌ನವರು ಒಂದು ಹೆರಿಗೆ ಡಬ್ಬಿ ಕಳಿಸುತ್ತಾರೆ. ನೀರು ಹೀರುವ ಹಾಸು, ಪ್ಯಾಡ್, ಹತ್ತಿಬಟ್ಟೆ, ಹೊಕ್ಕುಳಬಳ್ಳಿಗೆ ಹಾಕುವ ಕ್ಲಿಪ್ ಎಲ್ಲ ಇರುತ್ತದೆ. 37ನೇ ವಾರದ ಒಳಗೆ ಅದು ಬಿಚ್ಚಿ ಜೋಡಿಸಿರಬೇಕು. ಅದರ ಜೊತೆ ಎರಡು ಬಕೆಟ್, ಒಳ್ಳೆಯ ಬೆಳಕಿನ ದೀಪ, ಥರ್ಮಾಮೀಟರ್, ತೊಟ್ಟಿಲು ಬೆಚ್ಚಗಿಡಲು ಲೋಹದ ಬಿಸಿನೀರಿನ ಬಾಟಲಿ.

ನೀರಿನ ತೊಟ್ಟಿಯಲ್ಲಿ ನೋವು ಕಳೆಯುವ ಆಸೆ ಇದ್ದರೆ, ಆ ತೊಟ್ಟಿ ತುಂಬಿದಾಗ 500 ಲೀಟರಿಗೂ ಜಾಸ್ತಿ ನೀರು ಹಿಡಿಯಬಹುದು. ಹಳೆಯ ಮನೆಯ ಮೇಲಿನ ಮರದ ನೆಲಕ್ಕೆ ಅಷ್ಟು ಭಾರ ಹಾಕುವ ಮುಂಚೆ ಮಾಲೀಕರನ್ನು ಕೇಳಿ. ಅಷ್ಟು ಬಿಸಿನೀರು ನಿಮ್ಮ ಬಾಯ್ಲರ್ ಕೊಡುತ್ತದಾ ಎಂದು ಒಂದು ದಿನ ತುಂಬಿಸಿಯೇ ನೋಡಿ.

ಆಸ್ಪತ್ರೆಯ ಬ್ಯಾಗ್ ಮನೆಯ ಹೆರಿಗೆಗೂ ಕಟ್ಟಿರಬೇಕು. ಕಾರಿನಲ್ಲಿ ಮಗುವಿನ ಸೀಟು ಹಾಕಿರಬೇಕು. ಮೊದಲ ಮಗು ಇದ್ದರೆ ಅದನ್ನು ನಡುರಾತ್ರಿ ಯಾರ ಮನೆಗೆ ಬಿಡುತ್ತೀರಿ ಎಂದು ಇವತ್ತೇ ಮಾತಾಡಿಕೊಳ್ಳಿ. ನಮಗೆ ಇಲ್ಲಿ ಅಜ್ಜಿ ಇಲ್ಲ, ಚಿಕ್ಕಮ್ಮ ಇಲ್ಲ. ಈ ಸಭೆಯಲ್ಲಿ ನಿಮ್ಮ ಅಕ್ಕಪಕ್ಕ ಕೂತಿರುವವರೇ ನಿಮಗೆ ಚಿಕ್ಕಮ್ಮ.

ದುಡ್ಡಿನ ವಿಷಯ ಬೇಗ ಹೇಳುತ್ತೇನೆ. ಮಿಡ್‌ವೈಫ್ ಖರ್ಚು, ಮನೆಯ ಹೆರಿಗೆ, ಮೂಲ ಇನ್ಶೂರೆನ್ಸ್‌ನಲ್ಲೇ ಬರುತ್ತದೆ. ವೈದ್ಯಕೀಯ ಕಾರಣ ಇಲ್ಲದೆ ಆಸ್ಪತ್ರೆಯಲ್ಲಿ ಹೆತ್ತರೆ ಕೆಲವು ನೂರು ಯೂರೊ ಕೈಯಿಂದ ಹೋಗುತ್ತದೆ. ಮನೆಯಿಂದ ವೈದ್ಯಕೀಯ ಕಾರಣಕ್ಕೆ ಕಳಿಸಿದರೆ ಆ ಹಣ ಇಲ್ಲ, ಆದರೆ ಆಂಬುಲೆನ್ಸ್, ಔಷಧಿ, ಲ್ಯಾಬ್ ಪರೀಕ್ಷೆಗಳು ಇನ್ಶೂರೆನ್ಸ್ ಕೊಡುವ ಮುಂಚೆ ವರ್ಷಕ್ಕೆ 385 ಯೂರೊವರೆಗೆ ನೀವೇ ಕಟ್ಟಬೇಕಾದ ಸ್ವಂತ ಪಾಲಿನಲ್ಲಿ ಸೇರುತ್ತವೆ. ಕೆಲವು ನೂರು ಯೂರೊ ಉಳಿಯುತ್ತದೆ ಎಂದು ಮಾತ್ರ ಯಾರೂ ಮನೆಯನ್ನು ಆರಿಸಿಕೊಳ್ಳಬೇಡಿ. ಆ ಕಾರಣಕ್ಕೆ ಆರಿಸಿದವರನ್ನು ನೋಡಿದ್ದೇನೆ, ನನಗೆ ಬೇಸರವಾಗಿದೆ.

ಆ ದಿನ ಬಂತು ಅಂದುಕೊಳ್ಳಿ. ಸಾಮಾನ್ಯವಾಗಿ ಐದು ನಿಮಿಷಕ್ಕೊಮ್ಮೆ, ಒಂದೊಂದು ನಿಮಿಷದ ನೋವು, ಒಂದು ಗಂಟೆಯಿಂದ ಬರುತ್ತಿದ್ದರೆ ಫೋನ್ ಮಾಡಿ ಎನ್ನುತ್ತಾರೆ. ನಿಮ್ಮ ಮಿಡ್‌ವೈಫ್ ಹೇಳಿದ ಲೆಕ್ಕ ಬೇರೆ ಇದ್ದರೆ ಅದನ್ನೇ ಪಾಲಿಸಿ. ನೀರು ಒಡೆದರೆ ಬಣ್ಣ ನೋಡಿ. ಹಸಿರು ಅಥವಾ ಕಂದು ಇದ್ದರೆ, ರಕ್ತ ಹೋದರೆ, ಮಗು ಅಲುಗುವುದು ಕಡಿಮೆ ಅನಿಸಿದರೆ ಲೆಕ್ಕ ಹಾಕುತ್ತಾ ಕೂರಬೇಡಿ, ಆ ಕ್ಷಣವೇ ಫೋನ್. ಅವರು ಬಂದ ಮೇಲೆ ಆಗಾಗ ಡಾಪ್ಲರ್ ಇಟ್ಟು ಕೇಳುತ್ತಾರೆ, ಮುಕ್ಕುವ ಹೊತ್ತಿನಲ್ಲಿ ಪ್ರತಿ ನೋವಿನ ನಂತರ ಕೇಳುತ್ತಾರೆ. ಉಳಿದ ಹೊತ್ತು ಅವರು ಮೂಲೆಯಲ್ಲಿ ಸುಮ್ಮನೆ ಕೂತಿರುವುದನ್ನು ನೋಡಿ ಗಂಡಂದಿರಿಗೆ ಗಾಬರಿ ಆಗುತ್ತದೆ, "ಇವರು ಏನೂ ಮಾಡುತ್ತಿಲ್ಲವಲ್ಲ" ಎಂದು. ಅವರು ಉಸಿರು ಕೇಳುತ್ತಿರುತ್ತಾರೆ, ನೋವಿನ ಅಂತರ ನೋಡುತ್ತಿರುತ್ತಾರೆ. ಅಗತ್ಯವಿಲ್ಲದಾಗ ಮುಟ್ಟದೆ ಇರುವುದೂ ಅವರ ವಿದ್ಯೆಯೇ.

ನನ್ನ ಎರಡನೆಯ ಮಗು ಹಾಗೆ ಮನೆಯಲ್ಲಿ ಹುಟ್ಟಿತು. ಹೆಚ್ಚು ಹೇಳುವುದಿಲ್ಲ. ಮಂಡಿಯೂರಿ, ನನ್ನ ಮಂಚದ ಅಂಚು ಹಿಡಿದುಕೊಂಡಿದ್ದೆ. ಯಾರೂ ನನ್ನನ್ನು ಅಂಗಾತ ಮಲಗು ಎನ್ನಲಿಲ್ಲ, ಕೂಗಬೇಡ ಎನ್ನಲಿಲ್ಲ. ಹಸಿವಾದಾಗ ಮೊಸರನ್ನ ತಿಂದೆ. ಅಷ್ಟು ಸ್ವಾತಂತ್ರ್ಯ ಒಬ್ಬ ಹೆಣ್ಣಿಗೆ ಆ ಹೊತ್ತಿನಲ್ಲಿ ಸಿಗಬೇಕು ಎಂದು ನಾನು ಮನಸಾರೆ ನಂಬುತ್ತೇನೆ, ಆಕೆ ಎಲ್ಲೇ ಹೆರಲಿ.

ಹೆರಿಗೆ ಆದ ಮೇಲಿನ ದಿನಗಳ ಬಗ್ಗೆ ಈ ದೇಶಕ್ಕೆ ನಾನು ಋಣಿ. ಕ್ರಾಮ್‌ಜೋರ್ಗ್ ಎನ್ನುತ್ತಾರೆ. ಮೊದಲ ಎಂಟು ದಿನ, ಸಾಮಾನ್ಯವಾಗಿ ಒಟ್ಟು 49 ಗಂಟೆ, ತರಬೇತಿ ಪಡೆದ ಬಾಣಂತನದ ನರ್ಸ್ ಮನೆಗೇ ಬರುತ್ತಾರೆ. ಗಂಟೆಗೆ ಸುಮಾರು 5 ಯೂರೊ ನಿಮ್ಮ ಪಾಲು. ಮನೆಯ ಹೆರಿಗೆಯಾದರೆ ಕೊನೆಯ ಹೊತ್ತಿಗೆ ಮಿಡ್‌ವೈಫ್ ಜೊತೆ ಕೈ ಜೋಡಿಸಲು ಬರುವವರೂ ಇವರೇ. ಹಾಲು ಕುಡಿಸುವುದು ತೋರಿಸುತ್ತಾರೆ, ಹೊಲಿಗೆ ನೋಡುತ್ತಾರೆ, ಮಗುವಿನ ಮೈ ಹಳದಿ ಆಗುತ್ತಿದೆಯಾ ನೋಡುತ್ತಾರೆ, ಗರ್ಭಕೋಶ ಕುಗ್ಗುತ್ತಿದೆಯಾ ಎಂದು ಹೊಟ್ಟೆ ಒತ್ತಿ ನೋಡುತ್ತಾರೆ. 20ನೇ ವಾರದ ಒಳಗೆ ಬುಕ್ ಮಾಡಿ. ಕೆಲವು ಊರುಗಳಲ್ಲಿ ಜನ ಸಾಲುವುದಿಲ್ಲ.

ಇಲ್ಲೊಂದು ಸೂಕ್ಷ್ಮ ಇದೆ. ಅದೇ ಹೊತ್ತಿಗೆ ಊರಿನಿಂದ ಅಮ್ಮನೂ ಬಂದಿರುತ್ತಾರೆ, 90 ದಿನದ ವೀಸಾದಲ್ಲಿ. ನರ್ಸ್ ಬಂದು ಕಿಟಕಿ ತೆಗೆಯುತ್ತಾರೆ. ಅಮ್ಮ ಹೋಗಿ ಮುಚ್ಚುತ್ತಾರೆ. ನರ್ಸ್ ನೀರು ಚೆನ್ನಾಗಿ ಕುಡಿ ಎನ್ನುತ್ತಾರೆ, ಅಮ್ಮ ಬಾಣಂತಿಗೆ ನೀರು ಕೊಡಬಾರದು ಎನ್ನುತ್ತಾರೆ. ನಡುವೆ ಹುಡುಗಿ ಅಳುತ್ತಾಳೆ. ಇದನ್ನು ಮೊದಲೇ ಇಬ್ಬರ ಜೊತೆಗೂ ಮಾತಾಡಿ. ನೀರಿನ ವಿಷಯದಲ್ಲಿ ನರ್ಸ್ ಮಾತು ಕೇಳಿ, ಹಾಲು ಬರಲು, ಮೂತ್ರ ಸರಿಯಾಗಿ ಹೋಗಲು ನೀರು ಬೇಕು. ಮಗುವಿಗೆ ಸಾಂಬ್ರಾಣಿ ಹೊಗೆ ಬೇಡ, ಆ ಪುಟ್ಟ ಶ್ವಾಸಕೋಶಕ್ಕೆ ಹೊಗೆ ಒಳ್ಳೆಯದಲ್ಲ. ಮಗು ಅಂಗಾತ ಮಲಗಲಿ, ದಿಂಬು ಬೇಡ. ಆದರೆ ಅಮ್ಮನ ಬೆಳ್ಳುಳ್ಳಿ ಸಾರು, ಅಂಟಿನುಂಡೆ, ಎಣ್ಣೆ ಹಚ್ಚಿ ಬೆನ್ನಿಗೆ ಹಾಕುವ ಬಿಸಿನೀರು, ಅದನ್ನು ಯಾಕೆ ಬಿಡಬೇಕು? ನಲವತ್ತು ದಿನ ತಾಯಿಯನ್ನು ಕೆಲಸಕ್ಕೆ ಹಚ್ಚದೆ ಕೂರಿಸುವ ನಮ್ಮ ಬಾಣಂತನ ಎಂಟು ದಿನದ ಕ್ರಾಮ್‌ಜೋರ್ಗ್‌ಗಿಂತ ಉದ್ದದ್ದು. ಎರಡನ್ನೂ ಪಡೆದುಕೊಳ್ಳುವ ಭಾಗ್ಯ ನಮಗಿದೆ.

ಹಾಂ, ಇನ್ನೊಂದು. ಮಗುವಿನ ಜನನವನ್ನು ಮೂರು ದಿನದೊಳಗೆ ನಗರಸಭೆಯಲ್ಲಿ ಹೆಸರಿನ ಸಮೇತ ನೋಂದಾಯಿಸಬೇಕು. ನಮ್ಮಲ್ಲಿ ಹೆಸರಿಡುವುದು ಹನ್ನೊಂದನೆಯ ಅಥವಾ ಹನ್ನೆರಡನೆಯ ದಿನ. ನಕ್ಷತ್ರ ನೋಡಿ ಅಕ್ಷರ ಹುಡುಕುವ ಮನೆಯವರಾದರೆ ಒಂದೆರಡು ಹೆಸರು ಮನಸ್ಸಿನಲ್ಲಿ ಇಟ್ಟುಕೊಂಡಿರಿ, ಹುಟ್ಟಿದ ದಿನವೇ ಊರಿಗೆ ಫೋನ್ ಮಾಡಿ ತೀರ್ಮಾನಿಸಿ. ಅಪ್ಪಂದಿರೇ, ಅದು ನಿಮ್ಮ ಕೆಲಸ.

ಹಿಂದಿನ ಸಾಲಿನಲ್ಲಿ ಒಬ್ಬರು ಕೇಳಿದರು: "ನಾನು ಹೆರಿಗೆಗೆ ಬೆಂಗಳೂರಿಗೆ ಹೋಗುತ್ತಿದ್ದೇನೆ. ಅಲ್ಲಿಯೂ ಮನೆಯಲ್ಲಿ ಮಾಡಿಕೊಳ್ಳಬಹುದಾ?" ಈ ಪ್ರಶ್ನೆ ಕೇಳಿದ್ದಕ್ಕೆ ಸಂತೋಷ. ನನ್ನ ಉತ್ತರ ಬೇಡ ಎಂದೇ. ನಾನು ಇಷ್ಟು ಹೊತ್ತು ಹೇಳಿದ್ದರಲ್ಲಿ ಮನೆ ಒಂದು ಸಣ್ಣ ಭಾಗ. ಉಳಿದದ್ದೆಲ್ಲ ಮನೆಯ ಹೊರಗಿದೆ. ಓದಿದ ಮಿಡ್‌ವೈಫ್, ಅವರ ಮಾತನ್ನು ನಂಬುವ ಆಸ್ಪತ್ರೆ, ಕರೆದರೆ ಬರುವ ಆಂಬುಲೆನ್ಸ್, ಒಪ್ಪಿತವಾದ ಪಟ್ಟಿ. ಅವು ಒಂದಕ್ಕೊಂದು ಕೂಡಿಕೊಂಡಿಲ್ಲದ ಕಡೆ ಮನೆ ಮಾತ್ರ ಇಟ್ಟುಕೊಂಡು ಏನು ಮಾಡುವುದು? 2018ರಲ್ಲಿ ತಿರುಪ್ಪೂರಿನಲ್ಲಿ ಓದಿದ ಒಬ್ಬ ತಾಯಿ ಮಿಡ್‌ವೈಫ್ ಇಲ್ಲದೆ, ವೀಡಿಯೊ ನೋಡಿಕೊಂಡು ಮನೆಯಲ್ಲಿ ಹೆರಲು ಹೋಗಿ ರಕ್ತಸ್ರಾವದಿಂದ ತೀರಿಕೊಂಡ ಸುದ್ದಿ ನಿಮಗೂ ನೆನಪಿರಬಹುದು. ನಮ್ಮ ರಾಜ್ಯದಲ್ಲಿ ಈಗ 100ಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲಿ ಆಗುತ್ತವೆ. ಆಶಾ ಕಾರ್ಯಕರ್ತೆಯರು, ತಾಯಿ ಕಾರ್ಡ್, 108 ಆಂಬುಲೆನ್ಸ್, ಇವೆಲ್ಲ ಸೇರಿ ಎಷ್ಟೋ ತಾಯಂದಿರನ್ನು ಉಳಿಸಿವೆ. ಅದನ್ನು ಕಡೆಗಣಿಸುವ ಮಾತು ನನ್ನ ಬಾಯಿಂದ ಬರುವುದಿಲ್ಲ.

ಆದರೆ ಅದೇ ರಾಜ್ಯದಲ್ಲಿ ಮೂರರಲ್ಲಿ ಒಂದಕ್ಕೆ ಹತ್ತಿರ ಹತ್ತಿರ ಹೆರಿಗೆ ಸಿಸೇರಿಯನ್ ಆಗುತ್ತಿದೆ. ಅದರಲ್ಲಿ ಎಲ್ಲವೂ ಬೇಕಿತ್ತು ಎಂದು ನನಗೆ ಅನಿಸುವುದಿಲ್ಲ. ಹಾಗಾಗಿ ಆಸ್ಪತ್ರೆಗೇ ಹೋಗಿ, ಆದರೆ ಕೇಳಿಕೊಂಡು ಹೋಗಿ. 2018ರಲ್ಲಿ ಕೇಂದ್ರ ಸರ್ಕಾರವೇ ಮಿಡ್‌ವೈಫರಿ ಸೇವೆಗೆ ಮಾರ್ಗಸೂಚಿ ತಂದು, ನರ್ಸ್‌ಗಳಿಗೆ 18 ತಿಂಗಳ ವಿಶೇಷ ತರಬೇತಿ ಕೊಡುವುದಾಗಿ ಹೇಳಿತು. ಬೆಂಗಳೂರಿನಲ್ಲಿ ಮಿಡ್‌ವೈಫ್ ಜೊತೆ ಹೆರಿಗೆ ಮಾಡಿಸುವ ಆಸ್ಪತ್ರೆಗಳು ಇವೆ, ವಿಚಾರಿಸಿ. ನೋವಿನ ಹೊತ್ತಿನಲ್ಲಿ ನನ್ನವರೊಬ್ಬರು ಪಕ್ಕದಲ್ಲಿ ಇರಬಹುದಾ? ಓಡಾಡಲು ಬಿಡುತ್ತೀರಾ? ನೀರು, ಎಳನೀರು ಕುಡಿಯಬಹುದಾ? ಅಂಗಾತ ಮಲಗದೆ ಹೆರಬಹುದಾ? ಮಗುವನ್ನು ಕೂಡಲೇ ನನ್ನ ಎದೆ ಮೇಲೆ ಹಾಕುತ್ತೀರಾ? ನಿಮ್ಮಲ್ಲಿ ಚೊಚ್ಚಲು ಹೆರಿಗೆಯಲ್ಲಿ ನೂರಕ್ಕೆ ಎಷ್ಟು ಸಿಸೇರಿಯನ್? ಇಷ್ಟು ಕೇಳಿ. ವಿಮಾನ ಹತ್ತುವ ಮೊದಲೇ ಫೋನಿನಲ್ಲಿ ಕೇಳಿ, ಏಕೆಂದರೆ 28 ವಾರ ದಾಟಿದರೆ ಬಹಳಷ್ಟು ಏರ್‌ಲೈನ್‌ಗಳು ಡಾಕ್ಟರ ಪತ್ರ ಬೇಕು ಎನ್ನುತ್ತವೆ, 36ರ ಹೊತ್ತಿಗೆ ಹತ್ತಿಸಿಕೊಳ್ಳುವುದೂ ಕಷ್ಟ. ಉತ್ತರ ಸಮಾಧಾನ ತರದಿದ್ದರೆ ಬೇರೆ ಆಸ್ಪತ್ರೆ ಹುಡುಕಲು ನಿಮಗೆ ಆಗ ಇನ್ನೂ ಹೊತ್ತಿರುತ್ತದೆ.